ಒಣಗೂಟಕ್ಕೆ ಕಟ್ಟಿದ ಸೀತಾಳೆ

ಟಿ. ದಾಸರಹಳ್ಳಿಯ ಮೆಟ್ರೋ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವ ಹುಡುಗಿ ನನ್ನ ಗಂಟನ್ನು ಯಂತ್ರದೊಳಗೆ ಬಿಡಲು ಒಪ್ಪಲಿಲ್ಲ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಿದೆ ಸಾರ್ ಇದ್ರಲ್ಲಿ?"

"ಗಿಡ ಕಣಮ್ಮ."

"ಬಿಚ್ಚಿ ತೋರ್ಸಿ."

ಬಿಚ್ಚಿದೆ. ಒದ್ದೆ ಗೋಣಿತಟ್ಟಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಒಳಗೆ ಮೊಳದುದ್ದದ ಮಾವಿನ ಕೊಂಬೆ, ಅದನ್ನು ತಬ್ಬಿಕೊಂಡ ಬಿಳಿ ಬೇರುಗಳು, ಮೇಲೆ ದಪ್ಪ ಪಟ್ಟಿಯಂಥ ಎಲೆಗಳು. ಹುಡುಗಿ ಬಗ್ಗಿ ನೋಡಿದಳು. "ಗಿಡ ಅಂತೀರ, ಮಣ್ಣೇ ಇಲ್ವಲ್ಲ ಸಾರ್?" ಎಂದಳು. ಇದಕ್ಕೆ ಮಣ್ಣು ಬೇಡಮ್ಮ ಎಂದೆ. ಅವಳಿಗೆ ನಂಬಿಕೆ ಬಂತೋ ಇಲ್ಲವೋ, ಹಿಂದೆ ಜನ ಸಾಲುಗಟ್ಟಿದ್ದರಿಂದ ಹೋಗಿ ಎಂದು ಕೈಬೀಸಿದಳು. ರೈಲಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆ ವಾಸನೆ ಬಿಡಲಿಲ್ಲ. ಪಕ್ಕದವರು ಸ್ವಲ್ಪ ಸರಿದು ಕುಳಿತರು. ನಾನು ಎಂಬತ್ತಮೂರನೇ ಇಸವಿಗೆ ಹೋಗಿಬಿಟ್ಟಿದ್ದೆ.

ಆ ವರ್ಷವನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಸುಸ್ತು. ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮನೆಯಿಂದ ದೂರ ಬಂದು, ಹಗಲು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಸಂಜೆ ಊರೊಳಗಿನ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ದೊಡ್ಡ ಮಾತು, ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ತುಮಕೂರು ರಸ್ತೆಯ ಬಸ್ಸಿನಲ್ಲಿ ನಿಂತೇ ಹೋಗುವುದು, ನಿಂತೇ ಬರುವುದು. ಕೈಯಿಂದ ಕೂಲೆಂಟ್ ಎಣ್ಣೆಯ ವಾಸನೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅನ್ನ ಕಲೆಸಿದರೆ ಸಾರಿಗೂ ಅದೇ ವಾಸನೆ.

ದಾಸರಹಳ್ಳಿಯಲ್ಲಿ ನನಗೊಂದು ಬಾಡಿಗೆ ಕೋಣೆ. ಮನೆಯ ಯಜಮಾನರು ಪಿಳ್ಳಪ್ಪನವರು, ಅವರ ಹೆಂಡತಿ ಹನುಮಕ್ಕ. ಊರಿನ ಹಳೇ ಒಕ್ಕಲು ಮನೆತನ. ಹೊಲ, ಮಾವಿನ ತೋಪು ಎಲ್ಲ ಕಾರ್ಖಾನೆಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಶೀಟು ಹೊದಿಸಿದ ಕೋಣೆಗಳ ಸಾಲು ಕಟ್ಟಿಸಿ ನಮ್ಮಂಥವರಿಗೆ ಕೊಟ್ಟಿದ್ದರು. ಅಂಗಳದಲ್ಲಿ ಒಂದು ಖಾಲಿ ಕೊಟ್ಟಿಗೆ. ಎತ್ತು ಮಾರಿ ಆಗಿತ್ತು, ಎತ್ತು ಕಟ್ಟುತ್ತಿದ್ದ ಜಾಲಿಯ ಗೂಟ ಮಾತ್ರ ಹಾಗೇ ಇತ್ತು. ಅದರ ಪಕ್ಕ ಒಂದು ಮಾವಿನ ಮರ. ತೋಪಿನಲ್ಲಿ ಉಳಿದದ್ದು ಅದೊಂದೇ.

ನನ್ನ ಕೈಗೆ ಈ ಸೀತಾಳೆ, ಮರಕ್ಕೆ ಅಂಟಿ ಬೆಳೆಯುವ ಹೂಗಿಡ, ಬಂದದ್ದು ಅಮ್ಮನಿಂದ. ಅಪ್ಪ ಸಣ್ಣ ಸಣ್ಣ ರೈಲ್ವೆ ಸ್ಟೇಷನ್ನುಗಳ ಮಾಸ್ತರು. ವರ್ಗದ ಮೇಲೆ ವರ್ಗ. ಪ್ರತಿ ಸಲ ಹೊಸ ಕ್ವಾರ್ಟರ್ಸಿಗೆ ಬಂದು ಪಾತ್ರೆಗಂಟು ಬಿಚ್ಚುವಾಗ ಅಮ್ಮ, "ಇದೇ ಕೊನೆ ಕಣ್ರೋ, ಇನ್ನು ಎಲ್ಲಿಗೂ ಇಲ್ಲ" ಅನ್ನುತ್ತಿದ್ದಳು. ಅಂದು, ಖಾಲಿ ಗೋಣಿತಟ್ಟುಗಳನ್ನು ಕೊಡವಿ, ಮಡಚಿ, ಜೋಪಾನವಾಗಿ ಅಟ್ಟದ ಮೇಲಿಡುತ್ತಿದ್ದಳು. ನಾವು ಮಕ್ಕಳು ನಗುತ್ತಿದ್ದೆವು. ಕೊನೆ ಅಂದಮೇಲೆ ಗೋಣಿ ಯಾಕಮ್ಮ ಎಂದು ಒಮ್ಮೆ ನಮ್ಮಕ್ಕ ಕೇಳಿ ಬೈಸಿಕೊಂಡಿದ್ದಳು.

ಸಕಲೇಶಪುರದಾಚೆ ಘಟ್ಟದ ಒಂದು ಸ್ಟೇಷನ್ನಿನಲ್ಲಿ ಮಾತ್ರ ಅಮ್ಮ ನಿಜಕ್ಕೂ ಕೊನೆ ಎಂದುಕೊಂಡಿದ್ದಳು ಅನ್ನಿಸುತ್ತದೆ. ಅಲ್ಲಿ ಮಳೆಗೆ ಕೊಂಬೆಗಳು ಮುರಿದು ಹಳಿಯ ಮೇಲೆ ಬೀಳುತ್ತಿದ್ದವು. ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಅವನ್ನು ಎಳೆದು ಹಾಕುವಾಗ, ಕೊಂಬೆಗೆ ಅಂಟಿದ ಸೀತಾಳೆ ಗಿಡಗಳನ್ನು ಬಿಡಿಸಿ ತಂದು ಅಮ್ಮನಿಗೆ ಕೊಡುತ್ತಿದ್ದರು. ಕ್ವಾರ್ಟರ್ಸಿನ ಮುಂದಿನ ಹಲಸಿನ ಮರಕ್ಕೆ ಅವಳು ಅವನ್ನು ಕಟ್ಟುತ್ತಿದ್ದಳು. ಮುಂಗಾರು ಹತ್ತಿರವಾದಾಗ ನಸುಗೆಂಪು ಚುಕ್ಕೆಯ ಬಿಳಿ ಹೂಗಳು ಜಡೆಗೆ ಮುಡಿಯುವ ದಂಡೆಯ ಹಾಗೆ ಜೋತು ಬೀಳುತ್ತಿದ್ದವು. ಅವಳು ಅದನ್ನು ಕಿತ್ತು ಮುಡಿದದ್ದು ನಾನು ನೋಡಿಲ್ಲ. ಅಡುಗೆ ಮುಗಿಸಿ ಬಂದು ಅದರ ಕೆಳಗೆ ಸುಮ್ಮನೆ ಕೂರುತ್ತಿದ್ದಳು.

ನಾನು ದಾಸರಹಳ್ಳಿಯಲ್ಲಿದ್ದ ಆ ಚಳಿಗಾಲದಲ್ಲಿ ಅಪ್ಪನಿಗೆ ಚಳ್ಳಕೆರೆಯ ಕಡೆಗೆ ವರ್ಗವಾಯಿತು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಅಮ್ಮ ಎರಡು ಗಿಡಗಳನ್ನು ಬಿಡಿಸಿ, ಪಾಚಿ ಸುತ್ತಿ, ಗೋಣಿ ನೆನೆಸಿ ಕಟ್ಟಿದಳು. "ಆ ಬಯಲಿನ ಬಿಸಿಲಿಗೆ ಇವು ಬದುಕಲ್ಲ ಕಣೋ ಶಂಕರ. ಬೆಂಗಳೂರು ತಂಪು ಊರು, ನೀನು ತಗೊಂಡು ಹೋಗು. ಮತ್ತೆ ಮಳೆ ಬೀಳೋ ಕಡೆ ವರ್ಗ ಆದಾಗ ಬಂದು ಒಯ್ತೀನಿ" ಎಂದಳು. ಬೆಂಗಳೂರು ಬೇರೆ, ಪೀಣ್ಯ ಬೇರೆ ಎಂದು ಅವಳಿಗೆ ಹೇಳುವ ಮನಸ್ಸಾಗಲಿಲ್ಲ. ಅವಳು ಆ ದಿನ ಇನ್ನೇನನ್ನೂ ಕೇಳಿರಲಿಲ್ಲ. ಹಿತ್ತಾಳೆ ಹಂಡೆ ನಗ್ಗಿದ್ದಕ್ಕೂ ಬೇಜಾರು ಮಾಡಿಕೊಂಡಿರಲಿಲ್ಲ.

ಬಸ್ಸಿನಲ್ಲಿ ಎರಡು ಗಂಟು ತೊಡೆಯ ಮೇಲೆ ಹಿಡಿಸಲಿಲ್ಲ. ಕಂಡಕ್ಟರ್, "ಸೊಪ್ಪಿನ ಮೂಟೆನೆಲ್ಲ ಟಾಪ್ ಮೇಲೆ ಹಾಕ್ರೀ" ಎಂದು ಒಂದನ್ನು ಕಿತ್ತುಕೊಂಡು ಮೇಲೆ ಹಾಕಿಸಿದ. ಗಾಳಿ ತಾಗದಂತೆ, ಉಸಿರೂ ಕಟ್ಟದಂತೆ ಇನ್ನೊಂದನ್ನು ನಾನು ದಾರಿಯುದ್ದಕ್ಕೂ ತಬ್ಬಿಕೊಂಡಿದ್ದೆ. ಪಂಚೆ ಒದ್ದೆಯಾದ ಪಕ್ಕದ ಮುದುಕರು ಹಾಸನದವರೆಗೆ ಬೈದರು, ಆಮೇಲೆ ನಿದ್ದೆ ಮಾಡಿದರು. ದಾಸರಹಳ್ಳಿಯಲ್ಲಿ ಇಳಿದು ಟಾಪಿನ ಗಂಟು ಬಿಚ್ಚಿದರೆ ಗಿಡ ಬೆಂದುಹೋಗಿತ್ತು. ಎಲೆ ಮುಟ್ಟಿದರೆ ಕೈಗೆ ಬರುತ್ತಿತ್ತು. ಉಳಿದದ್ದು ಒಂದು. ಅದೊಂದನ್ನಾದರೂ ಅಮ್ಮ ಬರುವವರೆಗೆ ಉಳಿಸಿಕೊಳ್ಳಬೇಕು ಎಂದು ಅಲ್ಲೇ ರಸ್ತೆಬದಿಯಲ್ಲಿ ಹಟ ಹುಟ್ಟಿತು. ಓದಿನಲ್ಲಿ ಆ ಹಟ ನನಗೆ ಎಂದೂ ಬರಲಿಲ್ಲ.

ಪಿಳ್ಳಪ್ಪನವರು ಮಗಳ ಊರಿಗೆ ಹೋಗಿದ್ದರು. ಹನುಮಕ್ಕನನ್ನು ಕೇಳಿದೆ. "ಕಟ್ಕೋ ತಮ್ಮ, ಮರಕ್ಕೇನು ಬಾರವಾ?" ಎಂದಳು. ಮಾವಿನ ಮರದ ಕವಲಿಗೆ ಕಟ್ಟಿದೆ. ಸೇದುವ ಬಾವಿಯೂ ಇಲ್ಲ, ನಲ್ಲಿಯೂ ಇಲ್ಲ, ಇದ್ದದ್ದು ಬೋರಿನ ಗಡಸು ನೀರು. ಅದನ್ನು ಚಿಮುಕಿಸಿದರೆ ಎಲೆಯ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು. ಹನುಮಕ್ಕ ಕುಡಿಯುವುದಕ್ಕೆಂದು ನಾಗಸಂದ್ರದ ಕಡೆಯ ಸಿಹಿನೀರಿನ ಬಾವಿಯಿಂದ ಹೊತ್ತು ತರುತ್ತಿದ್ದ ಬಿಂದಿಗೆಯಿಂದ ದಿನಕ್ಕೊಂದು ಚೊಂಬು ಗಿಡಕ್ಕೆಂದು ತೆಗೆದಿಡತೊಡಗಿದಳು. ನಾನು ಬೇಡ ಎಂದೆ. "ನಿಮ್ಮವ್ವ ಆಸೆಪಟ್ಟು ಕಳಿಸವ್ಳೆ, ಸುಮ್ಕಿರು" ಎಂದಳು.

ಸಂಕ್ರಾಂತಿ ಕಳೆದು ಪಿಳ್ಳಪ್ಪನವರು ಬಂದರು. ಹಬ್ಬವಾದ ಮೇಲೆ, ಮರ ಹೂ ಬಿಡುವ ಹೊತ್ತಿಗೆ, ಕುಡುಗೋಲು ಸಿಕ್ಕಿಸಿಕೊಂಡು ಮರ ಹತ್ತಿ ಬಂದಳಿಕೆ ಕುಯ್ಯುವುದು ಅವರ ಮನೆಯ ಪದ್ಧತಿ. ತೋಪೇ ಹೋದಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಒಂದೇ ಮರಕ್ಕೆ ವರ್ಷಾವರ್ಷ ಹತ್ತುತ್ತಿದ್ದರು. ಆ ಭಾನುವಾರ ನಾನು ಬಟ್ಟೆ ಒಗೆದು ಎದ್ದು ನೋಡಿದರೆ ನನ್ನ ಸೀತಾಳೆ ತಿಪ್ಪೆಯ ಮೇಲೆ ಬಿದ್ದಿತ್ತು.

ನಾನು ಓಡಿಹೋಗಿ ಎತ್ತಿಕೊಂಡೆ. "ಯಜಮಾನ್ರೇ, ಅದು ನಂದು!"

ಅವರು ಮರದ ಮೇಲಿಂದಲೇ ಕೇಳಿದರು. "ನಿಂದಾ? ಬಂದಳಿಕೆನ ಯಾರಾನ ಸಾಕ್ತಾರೇನ್ಲಾ?"

"ಬಂದಳಿಕೆ ಅಲ್ಲ, ಸೀತಾಳೆ. ಇದು ಮರದ ರಸ ಹೀರಲ್ಲ. ಸುಮ್ನೆ ಕೂತಿರುತ್ತೆ ಅಷ್ಟೆ."

"ಯಾರೇಳಿದ್ದು?"

"ನಮ್ಮಮ್ಮ."

"ನಿಮ್ಮಮ್ಮ ಈ ಮರ ನೋಡವ್ಳಾ?"

ಅವರು ಕೆಳಗಿಳಿದರು. ಕೋಪ ಬಂದವರಂತೆ ಕಾಣಲಿಲ್ಲ, ಬಳಲಿದವರಂತೆ ಕಂಡರು. ಗೂಟಕ್ಕೆ ಒರಗಿ ಕುಳಿತು, "ನನ್ ಎರಡು ಮರ ಬಂದಳಿಕೆ ತಿಂತು. ಮಿಕ್ಕಿದ್ದನ್ನ ಕಾರ್ಖಾನೆ ತಿಂತು. ಇರೋ ಒಂದನ್ನೂ ನಿನ್ ಕೈಗೆ ಕೊಡ್ಲಾ?" ಎಂದರು. ನನಗೆ ಅಳು ಬರುವಂತಾಯಿತು. ವಾದ ಮಾಡುವ ಶಕ್ತಿ ಇರಲಿಲ್ಲ. ಅಮ್ಮನಿಗೆ ಇದೊಂದೇ ಉಳಿದಿರುವುದು ಎಂದಷ್ಟೇ ಹೇಳಿದೆ.

ಹೊಸ್ತಿಲಲ್ಲಿ ನಿಂತಿದ್ದ ಹನುಮಕ್ಕ, "ನಾನೇ ಕಟ್ಕೋ ಅಂದಿದ್ದು" ಎಂದಳು. ಪಿಳ್ಳಪ್ಪನವರು ಅವಳ ಕಡೆ ನೋಡಲಿಲ್ಲ. ಬೀಡಿ ಹಚ್ಚಿ, ಸೇದಿ ಮುಗಿಸುವ ತನಕ ಗಿಡದ ಬೇರುಗಳನ್ನೇ ನೋಡಿದರು.

"ಒಂದು ಕೆಲ್ಸ ಮಾಡು," ಎಂದರು ಕೊನೆಗೆ. "ಈ ಗೂಟಕ್ಕೆ ಕಟ್ಟು. ಒಣಗಿದ ಮರ, ಇದ್ರಾಗೆ ರಸ ಇಲ್ಲ. ಬಂದಳಿಕೆ ಆದ್ರೆ ಯುಗಾದಿ ಒಳಗೆ ಸುಟ್ಟು ಸೀಕ್ಲಾಯ್ತದೆ. ಉಳ್ಕಂಡ್ರೆ ನಿಮ್ಮವ್ವನ ಮಾತು ದಿಟ."

ಹೀಗೆ ಎತ್ತಿನ ಗೂಟದಲ್ಲಿ ಅಮ್ಮನ ಸೀತಾಳೆ ಪರೀಕ್ಷೆಗೆ ಕುಳಿತಿತು. ಆ ವರ್ಷ ನನಗಿಂತ ಅದೇ ಚೆನ್ನಾಗಿ ಪರೀಕ್ಷೆ ಬರೆಯಿತು.

ಅಂಥ ಬೇಸಿಗೆಯನ್ನು ನಾನು ಮತ್ತೆ ಕಾಣಲಿಲ್ಲ. ಹಿಂದಿನ ವರ್ಷ ಮಳೆ ಸರಿಯಾಗಿ ಬಿದ್ದಿರಲಿಲ್ಲ. ಫೆಬ್ರವರಿಗೇ ಬೋರು ಕೆಮ್ಮತೊಡಗಿತು. ಲಾರಿಗಳ ಧೂಳು, ಎರಕದ ಕಾರ್ಖಾನೆಯ ಮಸಿ, ಎಲ್ಲಿಂದಲೋ ಬರುವ ಆಸಿಡ್ಡಿನ ಘಾಟು. ಬೆಳಿಗ್ಗೆ ಒರೆಸಿದ ಎಲೆಯ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ನಾನು ಕೆಲಸಕ್ಕೆ ಹೊರಡುವ ಮೊದಲು ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿ, ಚೊಂಬಿನ ಸಿಹಿನೀರನ್ನು ಬೇರಿಗೆ ಚಿಮುಕಿಸಿ, ಗೂಟದ ಸುತ್ತ ಒದ್ದೆ ಗೋಣಿ ಇಳಿಬಿಟ್ಟು ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಗೋಣಿ ಹಪ್ಪಳವಾಗಿರುತ್ತಿತ್ತು. ಎಲೆಗಳು ನಡುವೆ ಮಡಚಿಕೊಂಡು ಸುಕ್ಕಾದವು. ಕೆಳಗಿನದೊಂದು ಹಳದಿಯಾಗಿ ಉದುರಿತು.

ಅಮ್ಮನ ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. ಮೊದಲ ಸಾಲಿನಲ್ಲೇ ಗಿಡ ಹೇಗಿದೆ. ನನ್ನ ಆರೋಗ್ಯದ ಪ್ರಶ್ನೆ ಕೊನೆಯಲ್ಲಿ, ಅಂಟು ಹಚ್ಚುವ ಅಂಚಿನಲ್ಲಿ. ಅಲ್ಲಿ ನೆರಳೇ ಇಲ್ಲವೆಂದೂ, ಸ್ಟೇಷನ್ನಿನ ನೀರಿನ ಟ್ಯಾಂಕಿನ ಕೆಳಗೆ ಕುಳಿತು ಅಕ್ಕಿ ಆರಿಸುತ್ತೇನೆಂದೂ ಬರೆದಿದ್ದಳು. ಚೆನ್ನಾಗಿದೆ ಎಂದು ನಾನು ಬರೆಯುತ್ತಿದ್ದೆ. ಗಿಡದ ಬಗ್ಗೆಯೂ ಹಾಗೇ, ನನ್ನ ಬಗ್ಗೆಯೂ ಹಾಗೇ. ಎರಡೂ ಪೂರ್ತಿ ನಿಜವಲ್ಲ. ನಿಜ ಹೇಳಬೇಕೆಂದರೆ ನನಗೆ ಆಗಾಗ ಆ ಗಿಡದ ಮೇಲೆ ಸಿಟ್ಟು ಬರುತ್ತಿತ್ತು. ನಾನೇ ಬಾಡುತ್ತಿರುವಾಗ ಇದಕ್ಕೆ ಎಲ್ಲಿಂದ ನೀರು ತರಲಿ ಅನ್ನಿಸುತ್ತಿತ್ತು.

ಮಾರ್ಚಿನಲ್ಲಿ ನನಗೆ ಕಾಮಾಲೆಯಾಯಿತು. ಕಣ್ಣು ಹಳದಿ, ಮೈ ಬೆಂಕಿ, ಅನ್ನ ಕಂಡರೆ ವಾಕರಿಕೆ. ವರ್ಕ್‌ಶಾಪಿಗೆ ಹೋಗುವುದು ನಿಂತಿತು, ಪರೀಕ್ಷೆ ಕೈತಪ್ಪಿತು. ಊರಿಗೆ ತಿಳಿಸಬೇಡಿ ಎಂದು ಹನುಮಕ್ಕನಿಗೆ ಹೇಳಿದ್ದೆ. ಅವಳು ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕಲೆಸಿ ಕುಡಿಸುತ್ತಿದ್ದಳು, ಗಂಜಿ ಕಾಯಿಸಿ ತರುತ್ತಿದ್ದಳು. ಎದ್ದು ನಿಂತರೆ ಕಣ್ಣು ಕತ್ತಲೆ. ಗಿಡ ಹೋಯಿತು ಎಂದೇ ಲೆಕ್ಕ ಹಾಕಿದೆ. ಹೋದರೆ ಹೋಗಲಿ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ.

ಒಂದು ಬೆಳಿಗ್ಗೆ ಉಫ್, ಉಫ್ ಎಂಬ ಸದ್ದು ಕೇಳಿ ಎಚ್ಚರವಾಯಿತು. ಚಾಪೆಯಿಂದ ತಲೆ ಎತ್ತಿದರೆ ಬಾಗಿಲಿನಾಚೆ ಗೂಟ ಕಾಣುತ್ತಿತ್ತು. ಪಿಳ್ಳಪ್ಪನವರು ಕುಕ್ಕರಗಾಲಲ್ಲಿ ಕುಳಿತಿದ್ದರು. ಚೊಂಬಿನಿಂದ ಬಾಯಿತುಂಬ ನೀರು ತುಂಬಿಕೊಂಡು, ಇಸ್ತ್ರಿ ಅಂಗಡಿಯವರು ಬಟ್ಟೆಗೆ ಚಿಮುಕಿಸುವ ಹಾಗೆ, ಗಿಡದ ಬೇರಿಗೆ ಉಫ್ ಎಂದು ಊದುತ್ತಿದ್ದರು. ಮೀಸೆಯಿಂದ ನೀರು ಇಳಿಯುತ್ತಿತ್ತು. ನಾನು ನೋಡುತ್ತಿರುವುದು ಕಂಡು ಅವರಿಗೆ ಇರುಸುಮುರುಸಾಯಿತು.

"ನೀನು ಮಲ್ಗಿದ್ದೆ. ನೀರಿಲ್ದೆ ಸತ್ರೆ, ಬಂದಳಿಕೆ ಆಗಿದ್ದಕ್ಕೆ ಸತ್ತಿದ್ದೋ ನೀರಿಲ್ದೆ ಸತ್ತಿದ್ದೋ ಅಂತ ಎಂಗೆ ಗೊತ್ತಾಯ್ತದೆ? ಪರೀಕ್ಸೆ ಅಂದ್ಮೇಲೆ ನೆಟ್ಟಗೆ ನಡೀಬೇಕು" ಎಂದರು.

ಒಳಗಿನಿಂದ ಹನುಮಕ್ಕ, "ಮೊನ್ನೆಯಿಂದ ಕುಡಿಯೋ ನೀರೆಲ್ಲ ಅದಕ್ಕೇ ಉಗೀತಾವ್ರೆ" ಎಂದಳು. ನಾನು ನಕ್ಕೆ. ಕಾಮಾಲೆ ಬಂದಮೇಲೆ ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ಯಾಕೋ ಅತ್ತೂ ಬಿಟ್ಟೆ. ಅವರು ನೋಡದವರಂತೆ ಚೊಂಬು ಎತ್ತಿಕೊಂಡು ಹೋದರು.

ಯುಗಾದಿ ಬಂತು. ಗಿಡ ಸೊರಗಿತ್ತು, ಆದರೆ ಸತ್ತಿರಲಿಲ್ಲ. ಒಂದು ಬೇರಿನ ತುದಿ ಹಸಿರಾಗಿತ್ತು. ಬೇವು ಬೆಲ್ಲ ಕೊಟ್ಟ ಪಿಳ್ಳಪ್ಪನವರು ಗಿಡದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲವು ದಿನಗಳಾದ ಮೇಲೆ ಮೊದಲ ಬಾರಿಗೆ ಕೆಲಸಕ್ಕೆ ಹೋಗಿ, ಕಾಲು ಎಳೆದುಕೊಂಡು ವಾಪಸು ಬಂದರೆ, ಗೂಟ ಖಾಲಿ. ತಿಪ್ಪೆಯ ಕಡೆ ನೋಡಿದೆ, ಅಲ್ಲಿರಲಿಲ್ಲ. ಆಮೇಲೆ ತಲೆ ಎತ್ತಿದೆ. ಮಾವಿನ ಮರದಲ್ಲಿ, ನಾನು ಕಟ್ಟಿದ್ದ ಕವಲಿಗಿಂತ ಒಳಗೆ, ನೆರಳು ಹೆಚ್ಚಿದ್ದ ಕೊಂಬೆಗೆ ಸೀತಾಳೆ ಕೂತಿತ್ತು. ಬಾಳೆಯ ಪಟ್ಟೆಯಲ್ಲಿ ಬಲವಾಗಿ, ಆದರೆ ಬೇರು ನೋಯದಂತೆ ಕಟ್ಟಿತ್ತು.

"ಗೂಟ ಕೀಳ್ಬೇಕಾಗಿತ್ತು, ಅದಕ್ಕೇ" ಎಂದರು ಪಿಳ್ಳಪ್ಪನವರು. ಆ ಗೂಟವನ್ನು ಅವರು ನಾನು ಅಲ್ಲಿರುವವರೆಗೂ ಕೀಳಲಿಲ್ಲ.

ಮುಂಗಾರು ತಡವಾಗಿ ಬಂತು. ಮೊದಲ ಮಳೆ ಶೀಟಿನ ಮೇಲೆ ಬಿದ್ದಾಗ ಕೋಣೆಗಳ ಸಾಲಿನವರೆಲ್ಲ ಬಕೆಟ್ಟು ಹಿಡಿದು ಹೊರಗೆ ಬಂದರು. ನಾನು ಮರದ ಕೆಳಗೆ ನಿಂತು ಮುಖ ಒಡ್ಡಿದೆ. ಎಲೆಗಳ ಮಸಿ ಇಳಿದುಹೋಗಿ, ಗಿಡ ಘಟ್ಟದಲ್ಲಿದ್ದ ಬಣ್ಣಕ್ಕೆ ತಿರುಗಿತು. ಎಲೆಯ ಸಂದಿಯಲ್ಲಿ ಒಂದು ಹೂದಂಡೆ ಹೊರಟಿರುವುದು ಆಮೇಲೆ ಕಂಡಿತು. ಚಿಕ್ಕದು, ಘಟ್ಟದವುಗಳ ಅರ್ಧದಷ್ಟು. ಅಮ್ಮನಿಗೆ ಬರೆದೆ. ಉತ್ತರ ಬರುವ ಮೊದಲು ಅವಳೇ ಬಂದಳು.

ಅಪ್ಪನಿಗೆ ಮತ್ತೆ ವರ್ಗವಾಗಿತ್ತು, ಈ ಸಲ ತಾಳಗುಪ್ಪದ ದಾರಿಯಲ್ಲಿ, ಮಳೆಯ ಸೀಮೆಗೆ. ಯಶವಂತಪುರದಲ್ಲಿ ರೈಲಿನಿಂದ ಇಳಿದ ಅಮ್ಮ ಕಪ್ಪಾಗಿದ್ದಳು, ಸಣ್ಣಗಾಗಿದ್ದಳು. ಕಂಕುಳಲ್ಲಿ ಮಡಚಿದ ಗೋಣಿತಟ್ಟು. ಗಿಡ ಒಯ್ಯುವುದಕ್ಕೆಂದೇ ಬಂದಿದ್ದಳು. ನನ್ನ ಮುಖ ನೋಡಿ, "ಏನಾಗಿತ್ತು?" ಎಂದಳು. ಏನೂ ಇಲ್ಲ ಎಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ.

ಅಂಗಳಕ್ಕೆ ಬಂದವಳು ಮರದ ಕೆಳಗೆ ನಿಂತು ಬಹಳ ಹೊತ್ತು ನೋಡಿದಳು. ಹನುಮಕ್ಕ ಚಾಪೆ ಹಾಸಿದಳು. ಇಬ್ಬರೂ ಮರದ ಬುಡದಲ್ಲಿ ಕುಳಿತು, ಹಳೇ ಪರಿಚಯದವರಂತೆ ಎಲೆ ಅಡಿಕೆ ಹಾಕಿಕೊಂಡರು. ಕಾಮಾಲೆಯ ಕತೆ, ಗೂಟದ ಪರೀಕ್ಷೆ, ಚೊಂಬಿನ ನೀರು, ಎಲ್ಲವನ್ನೂ ಹನುಮಕ್ಕ ಹೇಳಿಬಿಟ್ಟಳು. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಸಂಜೆಯ ರೈಲಿಗೆ ಹೊತ್ತಾಗುತ್ತಿತ್ತು. ನಾನು ಏಣಿ ತಂದು ಮರಕ್ಕೆ ಒರಗಿಸಿ ಮೊದಲ ಮೆಟ್ಟಿಲು ಹತ್ತಿದೆ.

"ಇಳಿ" ಎಂದಳು ಅಮ್ಮ.

"ಯಾಕಮ್ಮ? ಅದಕ್ಕೇ ಅಲ್ವಾ ಬಂದಿದ್ದು?"

"ಬೇರು ಕಚ್ಚಿದೆ ಕಣೋ. ಈಗ ಕಿತ್ರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಅದಕ್ಕೂ ಸುಸ್ತಾಗಲ್ವಾ? ನಮ್ಮ ಮನೇಲಿ ಒಬ್ಬರಾದ್ರೂ ಒಂದು ಕಡೆ ನೆಲೆಯಾಗಿ ಇರ್ಲಿ ಬಿಡು."

ಅಳದೆ ಹೇಳಿದಳು. ಬೀಡಿ ಹಚ್ಚಲು ಹೋಗಿದ್ದ ಪಿಳ್ಳಪ್ಪನವರು ಅದನ್ನು ಕಿವಿಗೆ ಸಿಕ್ಕಿಸಿಕೊಂಡರು. "ಇರ್ಲಿ ಬುಡವ್ವ" ಎಂದರು. "ಈ ಮರ ಇರೋಗಂಟ ಇದನ್ನ ಯಾರೂ ಮುಟ್ಟಲ್ಲ. ನಾನಿಲ್ದಿದ್ರೂ ಮುಟ್ಟಲ್ಲ." ಅಮ್ಮ ಅವರಿಗೆ ಕೈಮುಗಿದಳು. ಖಾಲಿ ಗೋಣಿಯನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತಿದಳು. ತಾಳಗುಪ್ಪದ ಕಡೆಯ ಆ ಮನೆಯಲ್ಲೂ ಇದೇ ಕೊನೆ ಎಂದಳಂತೆ, ಅಕ್ಕ ಹೇಳಿದ್ದಳು. ಆಮೇಲೆ ಇನ್ನೂ ಮೂರು ಊರುಗಳಾದವು. ಅವಳ ಕೊನೆಯ ವರ್ಷಗಳಲ್ಲಿ ನನ್ನ ಮನೆಗೆ ಬಂದಾಗಲೂ ಗೋಣಿ ತಂದಿದ್ದಳು.

ಪಿಳ್ಳಪ್ಪನವರ ಮಾತು ನಡೆಯಿತು. ಅವರು ಹೋದರು, ಹನುಮಕ್ಕ ಹೋದಳು, ಅವರ ಮಗನೂ ಹೋದ. ಶೀಟಿನ ಕೋಣೆಗಳು ಮಹಡಿಗಳಾದವು. ಮರ ಮಾತ್ರ ಗೋಡೆಗಳ ನಡುವೆ ಹಾಗೇ ನಿಂತಿತ್ತು, ಮರದಲ್ಲಿ ಸೀತಾಳೆ. ನಾನು ಯಾವಾಗಲಾದರೂ ಹೋಗಿ ನೋಡಿ ಬರುತ್ತಿದ್ದೆ. ಮೊನ್ನೆ ಅವರ ಮೊಮ್ಮಗ ಫೋನು ಮಾಡಿದ. ಪಕ್ಕದ ಪಾಯ ತೋಡುವಾಗ ಬೇರು ಕತ್ತರಿಸಿಹೋಗಿ ಮರ ಒಂದು ಕಡೆ ವಾಲಿದೆ, ತೆಗೆಸದೆ ವಿಧಿಯಿಲ್ಲ ಎಂದ. "ತಾತ ಆ ಗಿಡ ಮುಟ್ಬೇಡಿ ಅಂತ ಹೇಳಿದ್ರು ಅಂಕಲ್. ನೀವೇ ಬಂದ್ಬಿಡಿ." ಹೋದೆ. ಅವನು ಗಿಡವನ್ನು ಬಿಡಿಸಲಿಲ್ಲ. ಕೊಂಬೆಯನ್ನೇ ಎರಡೂ ಕಡೆ ಗರಗಸದಲ್ಲಿ ಕುಯ್ದು ಕೆಳಗಿಳಿಸಿಕೊಟ್ಟ. ಅವನ ಗಡಸು ಅಂಗೈ ಅವನ ತಾತನದರ ಹಾಗೇ ಇತ್ತು.

ಬನಶಂಕರಿಯಲ್ಲಿ ಇಳಿದಾಗ ನನ್ನ ಪ್ಯಾಂಟು ಒದ್ದೆಯಾಗಿತ್ತು, ಮೊಣಕಾಲು ಹಿಡಿದುಕೊಂಡಿತ್ತು. ಮೂರನೇ ಮಹಡಿಯ ನಮ್ಮ ಬಾಲ್ಕನಿಯಲ್ಲಿ ಮರವೂ ಇಲ್ಲ, ಮಣ್ಣೂ ಇಲ್ಲ. ಮಾವಿನ ಕೊಂಬೆಯನ್ನು ಕಂಬಿಗೆ ನಿಲ್ಲಿಸಿ ಕಟ್ಟಿದೆ. ಅದು ಇನ್ನು ಒಣಗುತ್ತದೆ, ಒಣಗಲಿ. ಒಣಗೂಟದ ಮೇಲೆ ಬದುಕುವುದು ಈ ಗಿಡಕ್ಕೆ ಗೊತ್ತಿದೆ. ಬಾಯಲ್ಲಿ ನೀರು ತುಂಬಿಕೊಂಡು ಬೇರಿಗೆ ಉಫ್ ಎಂದು ಊದಿದೆ. ಮೀಸೆಯೆಲ್ಲ ಒದ್ದೆಯಾಯಿತು. "ಇದೇ ಕೊನೆ, ಇನ್ನು ಎಲ್ಲಿಗೂ ಇಲ್ಲ" ಎಂದು ಗಿಡಕ್ಕೆ ಗಟ್ಟಿಯಾಗಿಯೇ ಹೇಳಿದೆ.

ಆಮೇಲೆ ಗೋಣಿತಟ್ಟನ್ನು ಹಿಂಡಿ, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಕೊಡವಿ ಮಡಚಿ ಅಟ್ಟದ ಮೇಲಿಟ್ಟೆ.